ಶಾಟ್‌ಗಿಂತ ಮೊದಲು ಓಟ: ಮಹಿಳಾ ಫುಟ್‌ಬಾಲ್‌ನಲ್ಲಿ ನಂಬರ್ 9 ಆಗಿ ಆಡುವುದು

90 ನಿಮಿಷದ ಪಂದ್ಯದಲ್ಲಿ ನಂಬರ್ 9ರ, ಅಂದರೆ ಗೋಲು ಹೊಡೆಯಲು ಎಲ್ಲರಿಗಿಂತ ಮುಂದೆ ಆಡುವ ಫಾರ್ವರ್ಡ್ ಆಟಗಾರ್ತಿಯ ಕಾಲಲ್ಲಿ ಚೆಂಡಿರುವುದು ಎಲ್ಲಾ ಕೂಡಿಸಿದರೂ ಹೆಚ್ಚೆಂದರೆ ಎರಡು ಮೂರು ನಿಮಿಷ. ಉಳಿದ ಹೊತ್ತು ಎಲ್ಲಿ ನಿಲ್ಲುತ್ತೇವೆ, ಯಾವಾಗ ಓಡುತ್ತೇವೆ ಅನ್ನುವುದರಲ್ಲೇ ಅರ್ಧ ಗೋಲು ಮುಗಿದಿರುತ್ತದೆ. ಬೆಂಗಳೂರಿನ ಕ್ಲಬ್ ಫುಟ್‌ಬಾಲ್‌ನಲ್ಲೂ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲೂ ಆಡುತ್ತಾ ನಾನು ಅಭ್ಯಾಸದ ಹೆಚ್ಚಿನ ಪಾಲನ್ನು ಓಟಕ್ಕೇ ಕೊಟ್ಟೆ, ಶಾಟ್‌ಗೆ ಉಳಿದದ್ದು.

ನಾನು ನಿಲ್ಲುವ ಜಾಗ ಚೆಂಡಿನಿಂದ ದೂರ ಇರುವ ಸೆಂಟರ್‌ಬ್ಯಾಕ್‌ನ (ನಡುವಿನ ಡಿಫೆಂಡರ್) ಹಿಂಭುಜದ ಬದಿ. ಅವಳಿಗೆ ಚೆಂಡನ್ನೂ ನೋಡಬೇಕು, ನನ್ನನ್ನೂ ನೋಡಬೇಕು. ಎರಡೂ ಒಂದೇ ನೋಟಕ್ಕೆ ಸಿಗುವುದಿಲ್ಲ, ಕುತ್ತಿಗೆ ತಿರುಗಿಸಲೇಬೇಕು. ಅವಳ ಮುಖ ಚೆಂಡಿನ ಕಡೆ ಹೊರಳಿದ ಕೂಡಲೇ ಒಂದು ಹೆಜ್ಜೆ ಜಾಗ ಬದಲಿಸುತ್ತೇನೆ. ಓಟ ಶುರು ಮಾಡುವ ಸೂಚನೆ ಪಾಸ್ ಕೊಡುವವಳ ಕಾಲಿನಿಂದ ಬರುತ್ತದೆ. ಅವಳು ಚೆಂಡನ್ನು ಕಾಲಿನಿಂದ ಅರ್ಧ ಮೀಟರ್ ಮುಂದೆ ತಳ್ಳಿ ತಲೆ ಎತ್ತಿದರೆ ಮುಂದಿನದು ಪಾಸ್. ಚೆಂಡು ಕಾಲಿಗೇ ಅಂಟಿಕೊಂಡಿದ್ದರೆ ಪಾಸ್ ಬರುವುದಿಲ್ಲ, ಓಡಿ ದಣಿಯುವುದೊಂದೇ ಲಾಭ.

ನೇರಕ್ಕೆ ಓಡಬಾರದು. ಮೊದಲ ಮೂರ್ನಾಲ್ಕು ಮೀಟರ್ ಡಿಫೆಂಡರ್‌ಗಳ ಸಾಲಿಗೆ ಸಮಾನಾಂತರವಾಗಿ, ಚೆಂಡು ಕಾಲು ಬಿಟ್ಟ ಗಳಿಗೆಗೆ ಗೋಲಿನ ಕಡೆ ಬಾಗಿಸಿ. ಆಫ್‌ಸೈಡ್ (ಚೆಂಡಿಗಿಂತ ಮತ್ತು ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವಳಿಗಿಂತ ಗೋಲಿಗೆ ಹತ್ತಿರ ಇರುವುದು) ಲೆಕ್ಕ ಹಾಕುವುದು ಪಾಸ್ ಕೊಟ್ಟ ಕ್ಷಣದಲ್ಲಿ. ತಲೆ, ಮೈ, ಕಾಲು ಲೆಕ್ಕಕ್ಕೆ ಬರುತ್ತವೆ, ಕೈ ಬರುವುದಿಲ್ಲ. ನಮ್ಮ ಲೀಗ್‌ನಲ್ಲಿ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇಲ್ಲ, ಎಲ್ಲಾ ಲೈನ್ಸ್‌ಮನ್ ಕಣ್ಣಿನ ಮೇಲೆ. ನೇರವಾಗಿ ಪೂರ್ತಿ ವೇಗದಲ್ಲಿ ನುಗ್ಗುವವಳು ಆ ಕಣ್ಣಿಗೆ ಇದ್ದ ಜಾಗಕ್ಕಿಂತ ಮುಂದೆ ಇದ್ದಂತೆ ಕಾಣುತ್ತಾಳೆ. ಬಾಗಿಸಿ ಓಡಿದರೆ ಬಾವುಟ ಏಳುವುದು ಕಡಿಮೆ. ಥ್ರೋ‌ಇನ್, ಗೋಲ್‌ಕಿಕ್, ಕಾರ್ನರ್‌ಗಳಲ್ಲಿ ಆಫ್‌ಸೈಡ್ ಇಲ್ಲವೇ ಇಲ್ಲ. ಆದರೂ ಥ್ರೋ‌ಇನ್ ಹೊತ್ತಿಗೆ ಡಿಫೆಂಡರ್ ಪಕ್ಕದಲ್ಲೇ ಸುಮ್ಮನೆ ನಿಂತಿರುವ ಫಾರ್ವರ್ಡ್‌ಗಳನ್ನು ಪ್ರತಿ ಪಂದ್ಯದಲ್ಲೂ ನೋಡಬಹುದು!

ಒಬ್ಬಳನ್ನು ಕಳಚಿಕೊಳ್ಳಲು ಎರಡು ಚಲನೆ ಬೇಕು. ಮೊದಲನೆಯದು ಸುಳ್ಳು: ಪಾಸ್ ಕೊಡುವವಳ ಕಡೆ ಎರಡು ಹೆಜ್ಜೆ, ಅರ್ಧ ವೇಗದಲ್ಲಿ. ಡಿಫೆಂಡರ್ ಹಿಂದೆ ಬಂದಳೋ, ಅವಳ ಬೆನ್ನ ಹಿಂದಿನ ಜಾಗಕ್ಕೆ ಪೂರ್ತಿ ವೇಗದಲ್ಲಿ. ಇಲ್ಲಿ ಕೆಡುವುದು ಎರಡೂ ಚಲನೆಯನ್ನು ಒಂದೇ ವೇಗದಲ್ಲಿ ಮಾಡಿದಾಗ, ಆಗ ಯಾರೂ ಮೋಸ ಹೋಗುವುದಿಲ್ಲ. ಶಾಲೆಯಲ್ಲಿ ಖೋ-ಖೋ ಆಡಿ ಬಂದ ಹುಡುಗಿಯರಿಗೆ ಇದು ಬೇಗ ಹಿಡಿಯುತ್ತದೆ. ಸೊಂಟ ತಗ್ಗಿಸಿ, ಒಂದೇ ಹೆಜ್ಜೆಯಲ್ಲಿ ದಿಕ್ಕು ಬದಲಿಸುವುದು ಅವರ ಮೈಗೇ ಇಳಿದಿರುತ್ತದೆ.

ಡ್ರಿಲ್ ಹೀಗೆ. ಗೋಲಿನಿಂದ 20 ಮೀಟರ್ ದೂರದಲ್ಲಿ, 8 ಮೀಟರ್ ಅಂತರದಲ್ಲಿ ಎರಡು ಕೋನ್. ಅವೇ ಸೆಂಟರ್‌ಬ್ಯಾಕ್‌ಗಳು. ಅವುಗಳಿಂದ 15 ಮೀಟರ್ ಹಿಂದೆ ಪಾಸ್ ಕೊಡುವವಳು. ದೂರದ ಕೋನ್ ಪಕ್ಕದಿಂದ ಓಟ, ಎರಡು ಕೋನ್‌ಗಳ ನಡುವಿನಿಂದ ಪಾಸ್, ಒಂದು ಟಚ್, ಶಾಟ್. ಆರು ಓಟ ಒಂದು ಸೆಟ್. ಓಟಗಳ ನಡುವೆ 40 ಸೆಕೆಂಡ್ ನಡಿಗೆ. ಮೂರು ಸೆಟ್, ವಾರಕ್ಕೆ ಎರಡು ಸಲ, ಪಂದ್ಯದ ಹಿಂದಿನ ದಿನ ಬೇಡ. ಇದಕ್ಕಿಂತ ಹೆಚ್ಚು ಮಾಡಿದರೆ ವೇಗ ಇಳಿಯುತ್ತದೆ, ಆಮೇಲೆ ಕಾಲು ಕಲಿಯುವುದು ನಿಧಾನದ ಓಟವನ್ನೇ. ಕೋನ್‌ಗೆ ಒಗ್ಗಿದ ಮೇಲೆ ಅಲ್ಲಿ ನಿಜವಾದ ಡಿಫೆಂಡರ್‌ಗಳನ್ನು ನಿಲ್ಲಿಸಬೇಕು. ಕೋನ್ ಎಂದೂ ತಿರುಗಿ ನೋಡುವುದಿಲ್ಲವಲ್ಲ.

ಚೆಂಡು ಸಿಕ್ಕಿ ಮುಂದೆ ಕೀಪರ್ ಒಬ್ಬಳೇ ಉಳಿದಾಗ ಫಸ್ಟ್ ಟಚ್ ಅನ್ನು ಬೆನ್ನಟ್ಟಿ ಬರುವ ಡಿಫೆಂಡರ್‌ನ ದಾರಿಗೆ ಅಡ್ಡ ಹಾಕುತ್ತೇನೆ. ಈಗ ಅವಳಿಗೆ ಎರಡೇ ದಾರಿ, ವೇಗ ಇಳಿಸುವುದು ಇಲ್ಲವೇ ಫೌಲ್ ಮಾಡುವುದು. ಶಾಟ್ ಹೊಡೆಯಬೇಕಾದ್ದು ಕೀಪರ್ ಇನ್ನೂ ಮುಂದೆ ಬರುತ್ತಿರುವಾಗ, ಅವಳ ಒಂದು ಕಾಲು ಗಾಳಿಯಲ್ಲಿರುವಾಗ. ಅವಳು ಎರಡೂ ಕಾಲೂರಿ ನಿಂತ ಮೇಲೆ ಗೋಲು ಕಿರಿದಾಗುತ್ತದೆ. ಅಂದರೆ ಮನಸ್ಸು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮೊದಲೇ ಹೊಡೆಯಬೇಕು, ನೆಲಕ್ಕೆ ಹತ್ತಿರವಾಗಿ, ದೂರದ ಕಂಬದ ಕಡೆ.

ಚೆಂಡು ಮೇಲೆ ಹಾರಿ ಹೋಗುವುದಕ್ಕೆ ಕಾರಣ ಸಾಮಾನ್ಯವಾಗಿ ಒದೆಯುವ ಕಾಲಲ್ಲ, ಊರಿದ ಕಾಲು. ಅದು ಚೆಂಡಿನ ಪಕ್ಕದಲ್ಲಿ, ಒಂದು ಗೇಣಿಗಿಂತ ಕಡಿಮೆ ದೂರದಲ್ಲಿರಬೇಕು, ಬೆರಳು ಗುರಿಯ ಕಡೆ. ಹಿಂದೆ ಉಳಿದರೆ ಮೈ ಹಿಂದಕ್ಕೆ ವಾಲಿ ಚೆಂಡು ಬಾರ್ ಮೇಲಿಂದ ಹೋಗುತ್ತದೆ. ನನ್ನ ಒಂದು ಫಿನಿಶಿಂಗ್ ಸೆಷನ್‌ಗೆ 40 ಚೆಂಡು: 20 ಪೆನಾಲ್ಟಿ ಸ್ಪಾಟ್‌ನಿಂದ ಒಳಗೆ ಒಂದೇ ಟಚ್‌ನಲ್ಲಿ, 10 ಬೆನ್ನು ಗೋಲಿಗೆ ಹಾಕಿ ತಿರುಗಿ, ಕೊನೆಯ 10 ಓಡಿ ದಣಿದ ಮೇಲೆ. ಮೊದಲ ಹತ್ತು ನಿಮಿಷ ಎಲ್ಲವೂ ಎಡಗಾಲಿನಲ್ಲೇ. ಬಾಕ್ಸ್ ಹೊರಗಿನ ಶಾಟ್‌ಗೆ ಸಮಯ ಕೊಡಲಿಲ್ಲ, ನಂಬರ್ 9ಕ್ಕೆ ಗೋಲು ಸಿಗುವುದು ಒಳಗಡೆ. ಚೆಂಡಿನ ಗಾಳಿಯನ್ನೂ ಗೇಜ್ ಹಾಕಿ ನೋಡಬೇಕು. ನಿಯಮದಲ್ಲಿ 8.5ರಿಂದ 15.6 ಪಿಎಸ್‌ಐ ತನಕ ಅವಕಾಶ ಇದೆ. ಅಂದಾಜಿನ ಮೇಲೆ ಕಲ್ಲಿನಂತೆ ತುಂಬಿದ ಚೆಂಡಿನಲ್ಲಿ ಕಲಿತ ಫಸ್ಟ್ ಟಚ್ ಪಂದ್ಯದ ಚೆಂಡಿಗೆ ಹೊಂದುವುದಿಲ್ಲ.

ವಿಂಗರ್ (ಅಂಚಿನಲ್ಲಿ ಆಡುವವಳು) ಬೈಲೈನ್, ಅಂದರೆ ಗೋಲಿನ ಸಾಲಿನ ಗೆರೆ, ತನಕ ಹೋದಾಗ ಎಲ್ಲರೂ ಗೋಲಿನ ಬಾಯಿಗೆ ಓಡುತ್ತಾರೆ, ಡಿಫೆಂಡರ್‌ಗಳೂ ಅಲ್ಲಿಗೇ ಹಿಂದೆ ಸರಿಯುತ್ತಾರೆ. ನಾನು ಅವರ ಜೊತೆ ಎರಡು ಹೆಜ್ಜೆ ಹೋಗಿ ಬ್ರೇಕ್ ಹಾಕುತ್ತೇನೆ. ಗೋಲಿನಿಂದ 9-11 ಮೀಟರ್‌ನಲ್ಲಿ ಜಾಗ ತಾನಾಗಿ ತೆರೆದುಕೊಳ್ಳುತ್ತದೆ. ಕಟ್‌ಬ್ಯಾಕ್, ಅಂದರೆ ಬೈಲೈನ್‌ನಿಂದ ಹಿಂದಕ್ಕೆ ಕೊಡುವ ಪಾಸ್, ಬರುವುದು ಅಲ್ಲಿಗೇ.

ಆ ಬ್ರೇಕ್‌ನಲ್ಲೇ ಮಂಡಿಯೂ ಹೋಗುತ್ತದೆ. ಎಸಿಎಲ್ (ಮಂಡಿಯೊಳಗಿನ ಮುಖ್ಯ ಅಸ್ಥಿಬಂಧ) ಹರಿಯುವ ಸಾಧ್ಯತೆ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು, ಅದೂ ಬಹುಪಾಲು ಯಾರೂ ಮುಟ್ಟದೆ: ಒಂಟಿ ಕಾಲಲ್ಲಿ ದಿಕ್ಕು ಬದಲಿಸುವಾಗ ಅಥವಾ ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲಿ. ಫಿಫಾ 11+ ವಾರ್ಮಪ್ ಇರುವುದು ಇಂಥ ಗಾಯ ತಡೆಯಲೆಂದೇ. 8 ನಿಮಿಷ ಓಟ, 10 ನಿಮಿಷ ಬಲ ಮತ್ತು ಸಮತೋಲನ, 2 ನಿಮಿಷ ವೇಗದ ಓಟ. ನಮ್ಮಲ್ಲಿ ನಡುವಿನ 10 ನಿಮಿಷವನ್ನು ಹಾರಿಸಿಬಿಡುತ್ತಾರೆ, ಕೆಲಸ ಮಾಡುವುದೇ ಆ ಭಾಗ. ಅದರ ಮೇಲೆ ನಾನು ಸೇರಿಸಿಕೊಂಡದ್ದು ನಿಲ್ಲುವ ಅಭ್ಯಾಸ: 10 ಮೀಟರ್ ಜೋರಾಗಿ ಓಡಿ ಮೂರು ಸಣ್ಣ ಹೆಜ್ಜೆಯಲ್ಲಿ ನಿಲ್ಲುವುದು, ಸೊಂಟ ಕೆಳಗೆ, ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕೆ. ಯಾರಾದರೂ ಎದುರಿನಿಂದ ಮೊಬೈಲ್‌ನಲ್ಲಿ ಹಿಡಿದರೆ ವಾಲುವುದು ಕಾಣುತ್ತದೆ, ನಮಗೆ ಗೊತ್ತಾಗುವುದಿಲ್ಲ.

ಬೂಟಿನ ವಿಷಯ. ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ ಸೇರಿ ನಾವು ಆಡುವ ಅನೇಕ ಮೈದಾನಗಳು ಕೃತಕ ಟರ್ಫ್. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಎಫ್‌ಜಿ ಸ್ಟಡ್ (ಬೂಟಿನ ಅಡಿಯ ಮೊಳೆ), ಅದು ಹುಲ್ಲಿನ ಮೈದಾನಕ್ಕೆ. ಟರ್ಫ್‌ನಲ್ಲಿ ಉದ್ದ ಸ್ಟಡ್ ಸಿಕ್ಕಿಹಾಕಿಕೊಂಡು ಪಾದ ನಿಂತುಬಿಡುತ್ತದೆ, ಮೈ ತಿರುಗುತ್ತದೆ, ಮಧ್ಯೆ ಸಿಕ್ಕುವುದು ಮಂಡಿ. ಟರ್ಫ್‌ಗೆಂದೇ ಮಾಡಿದ ಎಜಿ ಅಥವಾ ಟಿಎಫ್ ಸೋಲ್ ಕೇಳಿ ತೆಗೆದುಕೊಳ್ಳಬೇಕು. ಹೆಚ್ಚಿನ ಬೂಟುಗಳು ಗಂಡಸರ ಪಾದದ ಅಳತೆಯವು, ನಮಗೆ ಹಿಮ್ಮಡಿಯಲ್ಲಿ ಸಡಿಲ. ಮೇಲಿನ ಕೊನೆಯ ತೂತಿಗೂ ಲೇಸ್ ಹಾಕಿ ಬಿಗಿದರೆ ಸ್ವಲ್ಪ ಸರಿಹೋಗುತ್ತದೆ. ಎಸಿಎಲ್ ಆಪರೇಷನ್ ಆಗಿದ್ದರೆ ಪಂದ್ಯಕ್ಕೆ ಕನಿಷ್ಠ 9 ತಿಂಗಳು ಕಾಯಬೇಕು, ತಿಂಗಳು ತುಂಬಿದರಷ್ಟೇ ಸಾಲದು, ಆ ಕಾಲಿನ ಬಲ ಇನ್ನೊಂದರ ಶೇಕಡಾ 90 ಆದರೂ ಇರಬೇಕು.

ಕೊನೆಯ ಇಪ್ಪತ್ತು ನಿಮಿಷ ಕಾಲು ಭಾರ ಅನಿಸಿದರೆ ಓಟ ಹೆಚ್ಚಿಸುವ ಮೊದಲು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಿದರೆ ಮೈಗೆ ಹಿಡಿಯುವುದು ಕಡಿಮೆ, ನಿಂಬೆ ಪಾನಕದ ಜೊತೆ ಒಳ್ಳೆಯದು. ಪಂದ್ಯಕ್ಕೆ ಮೂರು ಗಂಟೆ ಮೊದಲು ಇಡ್ಲಿ ಅಥವಾ ಅನ್ನ. ಹುರುಳಿ ಸಾರು ಹಿಂದಿನ ದಿನಕ್ಕೇ ಮುಗಿಸಿ.

ವೃತ್ತಿಯ ಲೆಕ್ಕ ಬೇರೆ. ಇಂಡಿಯನ್ ವಿಮೆನ್ಸ್ ಲೀಗ್ 2016-17ರಲ್ಲಿ ಶುರುವಾಯಿತು, ತವರು-ಹೊರಗು ಪಂದ್ಯಗಳ ಪದ್ಧತಿ ಬಂದದ್ದು 2023-24ರಲ್ಲಿ. 2024-25ರಲ್ಲಿ 8 ತಂಡ, ತಂಡಕ್ಕೆ 14 ಪಂದ್ಯ. ಮೂರು ಪಂದ್ಯ ಗೋಲಿಲ್ಲದೆ ಹೋದರೆ ಸೀಸನ್‌ನ ಐದನೇ ಒಂದು ಭಾಗ ಹೋಯಿತು. ಹಾಗಾಗಿ ರಾಜ್ಯ ಲೀಗ್ ಪಂದ್ಯಗಳನ್ನು ಬಿಡಬಾರದು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ 2022-23ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ತಲುಪಿತ್ತು, ಗೋಕುಲಂ ಕೇರಳ ಎದುರು 5-0 ಸೋಲು. ದೇಶದ ಹೊರಗೆ ಹೋಗುವ ದಾರಿ ತೆರೆದವರಲ್ಲೂ ಫಾರ್ವರ್ಡ್‌ಗಳಿದ್ದಾರೆ. ಮಣಿಪುರದ ಬಾಲಾ ದೇವಿ 2020ರಲ್ಲಿ ಸ್ಕಾಟ್ಲೆಂಡ್‌ನ ರೇಂಜರ್ಸ್ ಸೇರಿದರು, ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್‌ನ ಅಪೊಲೊನ್ ಸೇರಿ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿದರು. ಅದಕ್ಕೆ ಮೊದಲು, 2021ರಲ್ಲಿ, ಮನೀಷಾ ಬ್ರೆಜಿಲ್ ವಿರುದ್ಧ ಗೋಲು ಹೊಡೆದಿದ್ದರು. ಪಂದ್ಯ 6-1ರಲ್ಲಿ ಸೋತದ್ದು, ಆದರೂ ನೆನಪಿನಲ್ಲಿ ಉಳಿದದ್ದು ಆ ಒಂದು ಗೋಲು.

ಕ್ಲಬ್‌ಗೆ ಕಳಿಸುವ ವಿಡಿಯೊ ನಾಲ್ಕೈದು ನಿಮಿಷ ಸಾಕು. ಹಾಡು ಬೇಡ. ಗೋಲುಗಳ ಜೊತೆ ಪಾಸ್ ಬಾರದ ಓಟ, ಬೆನ್ನು ಹಾಕಿ ಚೆಂಡು ಹಿಡಿದದ್ದು, ಪ್ರೆಸ್ ಮಾಡಿದ್ದು (ಚೆಂಡಿರುವ ಎದುರಾಳಿಯ ಮೇಲೆ ಒತ್ತಡ ಹಾಕಿದ್ದು) ಇರಲಿ, ಜೆರ್ಸಿ ನಂಬರ್ ಮತ್ತು ನಿಮಿಷದ ಸಮೇತ. ಎರಡು ಪೂರ್ತಿ ಪಂದ್ಯಗಳ ಲಿಂಕ್ ಕೊಡಿ, ಒಂದರಲ್ಲಿ ನೀವು ಗೋಲು ಹೊಡೆದಿರದಿದ್ದರೂ ಪರವಾಗಿಲ್ಲ.

ಒಪ್ಪಂದ ಬರಹದಲ್ಲೇ ಇರಬೇಕು. ಸಂಬಳದ ಮೊತ್ತಕ್ಕಿಂತ ನಾನು ಮೊದಲು ಹುಡುಕುವುದು ಸಂಬಳ ಬರುವ ತಾರೀಕು, ಮತ್ತೆ ಆಪರೇಷನ್ ಹಾಗೂ ಫಿಸಿಯೊ ಖರ್ಚು ಯಾರದ್ದು, ಒಪ್ಪಂದ ಮುಗಿದ ಮೇಲೂ ಕೊಡುತ್ತಾರೋ ಇಲ್ಲವೋ ಅನ್ನುವುದು. ಎಸಿಎಲ್‌ನ ಒಂಬತ್ತು ತಿಂಗಳು ಸೀಸನ್‌ಗಿಂತ ಉದ್ದ. ಫಿಫಾ ನಿಯಮದ ಪ್ರಕಾರ ಎರಡು ತಿಂಗಳ ಸಂಬಳ ಬಾಕಿಯಾದರೆ 15 ದಿನದ ಲಿಖಿತ ನೋಟಿಸ್ ಕೊಟ್ಟು, ಆಗಲೂ ಬಾರದಿದ್ದರೆ ಒಪ್ಪಂದ ಮುರಿಯಬಹುದು. ವಾಟ್ಸಾಪ್‌ನಲ್ಲಿ ಕೇಳಿದರೆ ನೋಟಿಸ್ ಆಯಿತು ಅಂತ ನೆಚ್ಚಿಕೊಳ್ಳಬೇಡಿ, ಇಮೇಲ್ ಮಾಡಿ, ಪ್ರತಿ ಇಟ್ಟುಕೊಳ್ಳಿ. ಅದೇ ಫಿಫಾ ನಿಯಮದಲ್ಲಿ ಹೆರಿಗೆ ರಜೆ 2021ರಿಂದ ಕನಿಷ್ಠ 14 ವಾರ, ಸಂಬಳದ ಮೂರನೇ ಎರಡು ಭಾಗದೊಂದಿಗೆ. ಒಪ್ಪಂದದಲ್ಲಿ ಇದನ್ನು ಬರೆಯದೆ ಬಿಟ್ಟಿದ್ದರೆ ಸಹಿಗೆ ಮೊದಲೇ ಬರೆಸಿಕೊಳ್ಳಿ.