ತೊಡೆ, ಹೊಟ್ಟೆ, ತಲೆಬುರುಡೆ: ಅರಬ್ಬಿ ಕುಲದ ಪದಗಳ ಹಿಂದೆ ಬಿದ್ದ ಕಥೆ

ರಿಯಾದ್‌ನಲ್ಲಿ ಅಕೌಂಟ್ಸ್ ಕೆಲಸ ಮಾಡ್ತಿದ್ದಾಗ ಆಫೀಸಲ್ಲಿ ಒಬ್ಬ ಒತೈಬಿ (ಒತೈಬಾ ಅನ್ನೋ ಅರಬ್ ಕುಲದವನು) ಇನ್ನೊಬ್ಬ ಒತೈಬಿನ ತೋರಿಸಿ "ನಮ್ಮ ಕಬೀಲಾ ಒಂದೇ, ಫಖಿದ್ ಬೇರೆ" ಅಂದ. ಕಬೀಲಾ ಅಂದ್ರೆ ಕುಲ. ಫಖಿದ್ ಅಂದ್ರೆ ತೊಡೆ ಅಂತಷ್ಟೇ ನಂಗೆ ಗೊತ್ತಿದ್ದಿದ್ದು, ಅದೂ ಚಿಕನ್ ಅಂಗಡಿ ಪುಣ್ಯದಿಂದ.

ಅವತ್ತಿಂದ ಹುಡುಕೋಕೆ ಶುರು ಮಾಡ್ದೆ. ಪದದ ಮೂರಕ್ಷರದ ಧಾತು ಬಿಡಿಸ್ಕೊಂಡು ಡಿಕ್ಷನರಿ ತೆಗೆಯೋದು, ಆಮೇಲೆ ಹಳಬರು ಆ ಪದಾನ ಹೇಗೆ ಬಳಸಿದಾರೆ ಅಂತ ನೋಡೋದು, ಇಷ್ಟೇ. ಕಬೀಲಾದ ಧಾತು ಕ-ಬ-ಲ, ಎದುರುಬದುರಾಗೋದು ಅನ್ನೋ ಅರ್ಥ, ನಮಾಜಿನ ದಿಕ್ಕು ಕಿಬ್ಲಾ ಕೂಡ ಇದರಿಂದಾನೇ. ಆದ್ರೆ ಹಳೇ ನಿಘಂಟುಕಾರರು ಕಬೀಲಾನ ತಲೆಬುರುಡೆಯಲ್ಲಿ ಒಂದಕ್ಕೊಂದು ಎದುರಾಗಿ ಕೂಡೋ ಮೂಳೆ ಹಲಗೆಗಳಿಗೆ ಹೋಲಿಸ್ತಾರೆ! ಕಬೀಲಾಗಿಂತ ದೊಡ್ಡ ಗುಂಪು ಶಅಬ್, ಆ ಪದಕ್ಕೆ ಕೂಡಿಸೋದು, ಬೇರೆ ಮಾಡೋದು ಅಂತ ಎರಡೂ ಅರ್ಥ ಇದೆ. ಕಬೀಲಾದಿಂದ ಕೆಳಗೆ ಅದರ ಕವಲುಗಳಿಗೆ ಇಳಿದ್ರೆ ಬತ್ನ್ ಅಂದ್ರೆ ಹೊಟ್ಟೆ, ಆಮೇಲೆ ನಮ್ಮ ತೊಡೆ, ಫಖಿದ್. 12ನೇ ಶತಮಾನದ ಪಂಡಿತ ಜಮಖ್ಶರೀ ದೊಡ್ಡದರಿಂದ ಚಿಕ್ಕದಕ್ಕೆ ಉದಾಹರಣೆ ಕೊಟ್ಟಿದಾನೆ: ಕಿನಾನಾ ಕಬೀಲಾ, ಕುರೈಶ್ ಇಮಾರಾ (ಕಬೀಲಾಕ್ಕೂ ಬತ್ನ್‌ಗೂ ನಡುವಿನದು), ಕುಸೈ ಬತ್ನ್, ಹಾಶಿಮ್ ಫಖಿದ್, ಅಬ್ಬಾಸ್ ಫಸೀಲಾ (ಫಖಿದ್‌ಗಿಂತ ಚಿಕ್ಕದು). ಎಲ್ರೂ ಇದೇ ಕ್ರಮ ಹೇಳಲ್ಲ, ಅದಕ್ಕೇ ಪಟ್ಟಿ ಬಾಯಿಪಾಠ ಮಾಡೋದು ವೇಸ್ಟು. ಹೊಟ್ಟೆ ಅಂತ ನೋಡಿ ಮೊದಲು ನಗು ಬಂತು, ಆಮೇಲೆ ನಮ್ಮ ಸೋದರ ಅನ್ನೋದೂ ಒಂದೇ ಉದರದವನು ಅಂತ ತಾನೇ ಅಂತ ನೆನಪಾಗಿ ಸುಮ್ಮನಾದೆ.

ಎಡವಿದ್ದು ಅಶೀರಾದಲ್ಲಿ, ಅದೂ ಬಂಧುಬಳಗದ ಗುಂಪಿಗೆ ಹೇಳೋ ಪದ. ಅಶರ ಅಂದ್ರೆ ಹತ್ತು, ಹಾಗಾದ್ರೆ ಹತ್ತು ಮನೆ ಗುಂಪು ಅಂತ ನಾನೇ ತೀರ್ಮಾನ ಮಾಡಿ ಟೀ ಬ್ರೇಕಲ್ಲಿ ಗತ್ತಿಂದ ಹೇಳಿಬಿಟ್ಟೆ. ಅದೇ ಅಕ್ಷರಗಳಿಗೆ ಬೆರೆತು ಬಾಳೋದು ಅನ್ನೋ ಬೇರೆ ಅರ್ಥಾನೂ ಇದೆ, ಅಶೀರಾ ಹೊಂದೋದು ಅದಕ್ಕೆ. ನಿಘಂಟಲ್ಲಿ ಮುಂದಿನ ಸಾಲು ಓದಿದ್ರೆ ಮರ್ಯಾದೆ ಉಳೀತಿತ್ತು.

ಕೊನೆಗೆ ಸಿಕ್ಕಿದ್ದು ಹಯ್ಯ್. ಮೂಲ ಅರ್ಥ ಜೀವಂತ, ಹಳೇ ಅರಬ್ಬಿಯಲ್ಲಿ ಒಟ್ಟಿಗೆ ಬಿಡಾರ ಹೂಡೋ ಕುಲ, ಈಗ ಬಡಾವಣೆ. ನನ್ನ ಫ್ಲಾಟಿನ ಅಡ್ರೆಸ್ಸು ಶುರುವಾಗ್ತಿದ್ದಿದ್ದೇ ಆ ಪದದಿಂದ, ಬ್ಯಾಂಕ್ ಫಾರ್ಮಲ್ಲಿ ಎಷ್ಟು ಸಲ ಬರ್ದಿದೀನೋ.