ಹ್ಯೂಸ್ಟನ್ನಿನ ಜಿಗುಟು ಮಣ್ಣಿನಲ್ಲಿ ಅಂಗಳ, ಹಿತ್ತಲು: ಹೊಸದಾಗಿ ಮನೆ ಕೊಂಡ ಕನ್ನಡಿಗರಿಗೆ

ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ಸುತ್ತಲಿನ ಕೇಟಿ, ಶುಗರ್ ಲ್ಯಾಂಡ್, ಪೇರ್‌ಲ್ಯಾಂಡ್, ಸೈಪ್ರೆಸ್ ಕಡೆಯ ಹೊಸ ಬಡಾವಣೆಗಳಲ್ಲಿ ಬಿಲ್ಡರ್ ಒಪ್ಪಿಸುವ ಅಂಗಳ ಹೆಚ್ಚುಕಡಿಮೆ ಒಂದೇ ಬಗೆಯದಾಗಿರುತ್ತದೆ: ಮುಂದೆ ಒಂದೆರಡು ಓಕ್ ಸಸಿಗಳು, ಗೋಡೆಯ ಬದಿಗೆ ಒಂದು ಸಾಲು ಪೊದೆಗಳು, ಉಳಿದೆಡೆ ತುಂಡುತುಂಡಾಗಿ ತಂದು ಹಾಸಿದ ಸೇಂಟ್ ಆಗಸ್ಟಿನ್ ಹುಲ್ಲು. ಗೃಹಪ್ರವೇಶ ಮುಗಿದ ಕೂಡಲೇ ಹಿತ್ತಲಲ್ಲಿ ಕರಿಬೇವು, ಮಲ್ಲಿಗೆ, ನುಗ್ಗೆ, ಸಾಧ್ಯವಾದರೆ ಒಂದು ಮಾವು ಹಾಕಿಬಿಡೋಣ ಎಂಬ ಉತ್ಸಾಹ ನಮ್ಮವರಲ್ಲಿ ಸಹಜ. ಆದರೆ ಗಿಡಗಳ ಆಯ್ಕೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ, ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ, ಬೇಸಿಗೆಯಲ್ಲಿ ನೆಲ ಎಲ್ಲಿ ಮೊದಲು ಬಾಯಿ ಬಿಡುತ್ತದೆ ಎಂಬುದನ್ನು ಮೊದಲು ಗಮನಿಸಿ ಎಂದೇ ನನ್ನ ಸಲಹೆ. ಇಲ್ಲಿ ತೋಟವೆಂದರೆ ಮೊದಲಿಗೆ ನೀರಿನ ವ್ಯವಸ್ಥೆ, ಸಸ್ಯಗಳು ಆಮೇಲಿನವು.

ಇಲ್ಲಿನವರು ‘ಗಂಬೋ’ ಎಂದು ಕರೆಯುವ ಈ ಮಣ್ಣು ಗದಗ, ರೋಣ, ನವಲಗುಂದದ ಕಡೆಯವರಿಗೆ ಹೊಸದೇನಲ್ಲ. ನಮ್ಮ ಎರೆಭೂಮಿಯನ್ನೂ ಹ್ಯೂಸ್ಟನ್ ಪ್ರದೇಶದ ‘ಲೇಕ್ ಚಾರ್ಲ್ಸ್’ ಜಿಗುಟು ಮಣ್ಣನ್ನೂ ಮಣ್ಣಿನ ವಿಜ್ಞಾನಿಗಳು ವರ್ಟಿಸಾಲ್ ಎಂಬ ಒಂದೇ ವರ್ಗಕ್ಕೆ ಸೇರಿಸುತ್ತಾರೆ. ಎರಡರಲ್ಲಿಯೂ ಸ್ಮೆಕ್ಟೈಟ್ ಎಂಬ ಖನಿಜ ಹೇರಳವಾಗಿದ್ದು, ಅದು ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. (ಟೆಕ್ಸಸ್‌ನ ರಾಜ್ಯಮಣ್ಣಿಗೆ ‘ಹ್ಯೂಸ್ಟನ್ ಬ್ಲ್ಯಾಕ್’ ಎಂಬ ಹೆಸರಿದ್ದರೂ ಅದು ಸಿಗುವುದು ಈ ನಗರದಲ್ಲಲ್ಲ, ಡಲ್ಲಾಸ್‌ನಿಂದ ಸ್ಯಾನ್ ಆಂಟೋನಿಯೊವರೆಗಿನ ಕಪ್ಪುನೆಲದ ಪಟ್ಟಿಯಲ್ಲಿ.) ವ್ಯತ್ಯಾಸವಿರುವುದು ಮಳೆಯಲ್ಲಿ. ನಮ್ಮ ಎರೆಹೊಲ ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳವನ್ನು ಬೆಳೆಯುತ್ತದೆ. ಹ್ಯೂಸ್ಟನ್ನಿನಲ್ಲಿ ವರ್ಷಕ್ಕೆ ಸುಮಾರು 50 ಇಂಚು ಮಳೆ ಹೆಚ್ಚುಕಡಿಮೆ ಎಲ್ಲ ತಿಂಗಳುಗಳಲ್ಲೂ ಬೀಳುತ್ತದೆ, ನೆಲವೋ ತಟ್ಟೆಯಷ್ಟು ಸಮತಟ್ಟು. 2017ರ ಆಗಸ್ಟ್ ತಿಂಗಳ ಹಾರ್ವೆ ಚಂಡಮಾರುತದಲ್ಲಿ ಈ ಪ್ರದೇಶದ ಹಲವೆಡೆ ಕೆಲವೇ ದಿನಗಳಲ್ಲಿ 40 ಇಂಚಿಗೂ ಹೆಚ್ಚು ಮಳೆ ಸುರಿಯಿತು. ಹಾಗೆಂದು ಬರ ಇಲ್ಲವೆಂದಲ್ಲ. 2011ರ ಬರಗಾಲದಲ್ಲಿ ನಗರದ ಮೆಮೋರಿಯಲ್ ಪಾರ್ಕಿನಲ್ಲಿ ಸಾವಿರಾರು ಮರಗಳು ಒಣಗಿ ಸತ್ತವು.

ಈ ಉಬ್ಬುವ ಕುಗ್ಗುವ ಆಟದಿಂದ ಮೊದಲು ಪೆಟ್ಟು ಬೀಳುವುದು ಮನೆಗೆ. ಇಲ್ಲಿನ ಹೊಸ ಮನೆಗಳು ನೆಲದ ಮೇಲೆಯೇ ಹಾಕಿದ ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ನಿಂತಿರುತ್ತವೆ. ಒಂದು ಬದಿಯ ಮಣ್ಣು ಒಣಗಿ ಇಳಿದು ಇನ್ನೊಂದು ಬದಿಯದು ಒದ್ದೆಯಾಗಿ ಉಬ್ಬಿದರೆ ಬಾಗಿಲುಗಳು ಸಿಕ್ಕಿಕೊಳ್ಳುತ್ತವೆ, ಇಟ್ಟಿಗೆಯ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಏರುತ್ತದೆ. ಆದ್ದರಿಂದ ಮನೆಯ ಸುತ್ತಲಿನ ತೇವ ವರ್ಷವಿಡೀ ಒಂದೇ ಮಟ್ಟದಲ್ಲಿರುವಂತೆ ನೋಡಿಕೊಳ್ಳುವುದು ಅಂಗಳದ ವಿನ್ಯಾಸದ ಮೊದಲ ಕರ್ತವ್ಯ. ಬೇಸಿಗೆಯ ಒಣಹವೆಯಲ್ಲಿ ಸ್ಲ್ಯಾಬಿನಿಂದ ಒಂದರಿಂದ ಒಂದೂವರೆ ಅಡಿ ದೂರದಲ್ಲಿ ನೀರು ಜಿನುಗುವ ಪೈಪನ್ನು ಸುತ್ತಲೂ ಹಾಸಿ ಹದವಾಗಿ ನೀರು ಬಿಡುವುದು ಇಲ್ಲಿನ ರೂಢಿ. ನೆಲ ಆಗಲೇ ಬಿರುಕು ಬಿಟ್ಟಿದ್ದರೆ ಬಿರುಕಿನೊಳಕ್ಕೆ ನೇರವಾಗಿ ಪೈಪು ಹಿಡಿಯಬಾರದು, ಏಕೆಂದರೆ ಆ ನೀರು ಸ್ಲ್ಯಾಬಿನ ಅಡಿಗೆ ಇಳಿದು ಅಲ್ಲಲ್ಲಿ ಮಾತ್ರ ಮಣ್ಣನ್ನು ಉಬ್ಬಿಸುತ್ತದೆ.

ಅದೇ ರೀತಿ, ಗೋಡೆಯಿಂದ ಮೊದಲ ಹತ್ತು ಅಡಿಗಳಲ್ಲಿ ನೆಲ ಆರು ಇಂಚಿನಷ್ಟಾದರೂ ಹೊರಕ್ಕೆ ಇಳಿಜಾರಾಗಿರಬೇಕೆಂಬುದು ಕಟ್ಟಡ ಸಂಹಿತೆಯ ಸಾಮಾನ್ಯ ನಿಯಮ. ಗೋಡೆಯ ಬುಡದ ಇಟ್ಟಿಗೆ ಸಾಲಿನಲ್ಲಿ ಅಲ್ಲಲ್ಲಿ ಬಿಟ್ಟಿರುವ ಸಣ್ಣ ಸಂದುಗಳು ಗೋಡೆಯೊಳಗಿನ ತೇವ ಹೊರಬರಲು ಇರುವಂಥವು. ಪ್ರತಿ ವಸಂತದಲ್ಲಿ ಹೊಸ ಮಲ್ಚ್ (ಗಿಡಗಳ ಬುಡಕ್ಕೆ ಹೊದಿಸುವ ತೊಗಟೆ, ಎಲೆಗಳ ಚೂರು) ಸುರಿದು ಸುರಿದು ಅವುಗಳನ್ನು ಮುಚ್ಚಿಬಿಟ್ಟರೆ ತೇವದ ಜೊತೆಗೆ ಗೆದ್ದಲನ್ನೂ ಮನೆಗೆ ಬರಮಾಡಿಕೊಂಡಂತೆ. ಮಣ್ಣು ಸ್ಲ್ಯಾಬಿನ ಮೇಲಂಚಿಗಿಂತ ನಾಲ್ಕು ಇಂಚಾದರೂ ಕೆಳಗಿರಲಿ.

ಎರಡು ಮನೆಗಳ ನಡುವೆ ಬೇಲಿಯುದ್ದಕ್ಕೂ ಕಾಣುವ ಆಳವಿಲ್ಲದ ತಗ್ಗನ್ನು ಕಂಡು, ‘ಬಿಲ್ಡರ್ ಸರಿಯಾಗಿ ಮಟ್ಟ ಮಾಡಿಲ್ಲ’ ಎಂದು ಹಲವರು ಮಣ್ಣು ತುಂಬಿಸುತ್ತಾರೆ. ಅದು ಮಟ್ಟದ ದೋಷವಲ್ಲ. ಹಿತ್ತಲಿನ ಮಳೆನೀರನ್ನು ರಸ್ತೆಗೆ ಒಯ್ಯುವ ಬಸಿಗಾಲುವೆ. ಅದನ್ನು ಮುಚ್ಚಿ ಪಕ್ಕದವರ ಹಿತ್ತಲಿಗೆ ನೀರು ನುಗ್ಗಿಸಿ ಹಾನಿ ಮಾಡಿದರೆ ಟೆಕ್ಸಸ್‌ನ ಜಲಸಂಹಿತೆಯ 11.086ನೇ ಸೆಕ್ಷನ್ ಅಡಿಯಲ್ಲಿ ಅವರು ನಿಮ್ಮ ಮೇಲೆ ದಾವೆ ಹೂಡಬಹುದು. ನೀರು ನಿಂತೇ ನಿಲ್ಲುವ ಮೂಲೆಗೆ ‘ಫ್ರೆಂಚ್ ಡ್ರೇನ್’, ಅಂದರೆ ನೆಲದಡಿ ಜಲ್ಲಿ ತುಂಬಿದ ಬಸಿಗಾಲುವೆ, ಹಾಕಿಸಿ ಎಂದು ಗುತ್ತಿಗೆದಾರರು ಹೇಳುವುದುಂಟು. ಆದರೆ ಜಿಗುಟು ಮಣ್ಣಿನಲ್ಲಿ ನೀರು ಪಕ್ಕಕ್ಕೆ ಜಿನುಗಿ ಆ ಜಲ್ಲಿಯನ್ನು ಸೇರುವುದೇ ಬಹಳ ನಿಧಾನ. ಮೇಲ್ಮೈ ನೀರನ್ನು ಜಾಲರಿ ಮುಚ್ಚಳದ ತೊಟ್ಟಿಗೆ ಇಳಿಸಿ, ರಂಧ್ರವಿಲ್ಲದ ಪೈಪಿನಲ್ಲಿ ರಸ್ತೆಯಂಚಿಗೆ ಒಯ್ಯುವುದೇ ಹೆಚ್ಚಿನ ಮನೆಗಳಿಗೆ ಸರಿಹೋಗುತ್ತದೆ. ಗಿಡ ನೆಡಬೇಕೆಂದಿರುವ ಜಾಗದ ಸ್ಥಿತಿಯನ್ನು ತಿಳಿಯಲು ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಮಾರನೆಯ ದಿನವೂ ನೀರು ಉಳಿದಿದ್ದರೆ ಅಲ್ಲಿ ಏರುಮಡಿ ಕಟ್ಟದೆ ಬೇರೆ ದಾರಿಯಿಲ್ಲ.

ಮಣ್ಣನ್ನು ಸಡಿಲಗೊಳಿಸಲು ಮರಳು ಬೆರೆಸುವ ಯೋಚನೆ ಎಲ್ಲರಿಗೂ ಹೊಳೆಯುತ್ತದೆ, ಮತ್ತು ಅದು ತಪ್ಪು. ಜೇಡಿಮಣ್ಣಿಗೆ ಸ್ವಲ್ಪ ಮರಳು ಸೇರಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಇಲ್ಲಿ ಫಲ ಕೊಡುವುದು ಎರಡೇ: ವರ್ಷ ವರ್ಷವೂ ಹಾಕುವ ಕಾಂಪೋಸ್ಟ್, ಮತ್ತು ಕುಲುಮೆಯಲ್ಲಿ ಸುಟ್ಟು ಅರಳಿಸಿದ ಜೇಡಿಕಲ್ಲಿನ ಹಗುರ ಹರಳು. ‘ಎಕ್ಸ್‌ಪ್ಯಾಂಡೆಡ್ ಶೇಲ್’ ಎಂಬ ಹೆಸರಿನಲ್ಲಿ ಸಿಗುವ ಈ ಹರಳನ್ನು ಮೂರು ಇಂಚು ದಪ್ಪ ಹರಡಿ, ಕಾಂಪೋಸ್ಟಿನ ಜೊತೆ ಆರೆಂಟು ಇಂಚು ಆಳದವರೆಗೆ ಬೆರೆಸಿದರೆ, ಕಾಂಪೋಸ್ಟ್ ಕರಗಿಹೋದ ಮೇಲೂ ಹರಳು ಉಳಿದು ಗಾಳಿಯಾಡಲು ಎಡೆ ಕೊಡುತ್ತದೆ. ಮರದ ಗುಂಡಿಗೆ ಮಾತ್ರ ಇದೇನನ್ನೂ ಬೆರೆಸಬೇಡಿ. ಸುತ್ತಲೂ ಜಿಗುಟು ಮಣ್ಣಿದ್ದು ನಡುವೆ ಮೃದು ಮಣ್ಣಿನ ಗುಂಡಿ ಇದ್ದರೆ ಮಳೆನೀರೆಲ್ಲ ಅಲ್ಲಿಯೇ ನಿಂತು ಬೇರು ಕೊಳೆಯುತ್ತದೆ. ಗುಂಡಿ ಬೇರುಗಡ್ಡೆಯ (ಸಸಿಯ ಬೇರುಗಳನ್ನು ಸುತ್ತಿಕೊಂಡಿರುವ ಮಣ್ಣಿನ ಉಂಡೆಯ) ಎರಡರಷ್ಟು ಅಗಲವಿರಲಿ, ಆಳ ಬೇರುಗಡ್ಡೆಗಿಂತ ಒಂದೆರಡು ಇಂಚು ಕಡಿಮೆಯೇ ಇರಲಿ, ತೆಗೆದ ಮಣ್ಣನ್ನೇ ಮರಳಿ ತುಂಬಿ. ಅಗೆಯಲು ಹದ ನೋಡಬೇಕು: ಹಿಡಿ ಮಣ್ಣನ್ನು ಅದುಮಿದಾಗ ಉಂಡೆಯಾಗಿ, ಬೆರಳಿನಿಂದ ತಟ್ಟಿದಾಗ ಪುಡಿಯಾದರೆ ಹದ ಬಂದಿದೆ, ಅಂಟಿಕೊಂಡೇ ಇದ್ದರೆ ಕಾಯಬೇಕು.

ಗುದ್ದಲಿ ಎತ್ತುವ ಮೊದಲು ಎರಡು ಕೆಲಸಗಳಿವೆ. ಕನಿಷ್ಠ ಎರಡು ಕೆಲಸದ ದಿನ ಮುಂಚೆ 811ಕ್ಕೆ ಕರೆ ಮಾಡಿದರೆ ಗ್ಯಾಸ್, ವಿದ್ಯುತ್, ಕೇಬಲ್ ಕಂಪನಿಗಳು ತಮ್ಮ ತಮ್ಮ ತಂತಿ, ಪೈಪುಗಳ ಜಾಡನ್ನು ನೆಲದ ಮೇಲೆ ಬಣ್ಣದಿಂದ ಗುರುತಿಸಿ ಕೊಡುತ್ತವೆ, ಇದಕ್ಕೆ ಶುಲ್ಕವಿಲ್ಲ. ನಿಮ್ಮದೇ ಸ್ಪ್ರಿಂಕ್ಲರ್ ಪೈಪುಗಳನ್ನು ಮಾತ್ರ ಅವರು ಗುರುತಿಸುವುದಿಲ್ಲ. ಇನ್ನೊಂದು, ಬಡಾವಣೆಯ ಮನೆಮಾಲೀಕರ ಸಂಘದ, ಅಂದರೆ ಎಚ್‌ಒಎಯ, ಒಪ್ಪಿಗೆ. ಮನೆಯ ಮುಂದಿನ ಮರ ತೆಗೆಯಲು, ಹುಲ್ಲನ್ನು ಕಡಿಮೆ ಮಾಡಿ ಪಾತಿಗಳನ್ನು ಮಾಡಲು ನಕ್ಷೆಯೊಡನೆ ಅರ್ಜಿ ಕೊಡಬೇಕಾಗುತ್ತದೆ. ಆದರೆ ಕಾಂಪೋಸ್ಟ್ ಮಾಡುವುದು, ಮಳೆನೀರಿನ ಪೀಪಾಯಿ, ಹನಿ ನೀರಾವರಿ, ಬರ ತಾಳುವ ಗಿಡಗಳು ಇವನ್ನು ಸಾರಾಸಗಟಾಗಿ ನಿಷೇಧಿಸುವ ಅಧಿಕಾರ ಸಂಘಕ್ಕಿಲ್ಲವೆಂದು ರಾಜ್ಯದ ಆಸ್ತಿ ಸಂಹಿತೆಯ 202.007ನೇ ಸೆಕ್ಷನ್ ಹೇಳುತ್ತದೆ. ಎಲ್ಲಿಡಬೇಕು, ಹೇಗೆ ಕಾಣಬೇಕು ಎಂಬ ನಿಯಮಗಳನ್ನು ಅದು ಮಾಡಬಹುದು. ಅರ್ಜಿ ತಿರಸ್ಕೃತವಾದರೆ ಈ ಸೆಕ್ಷನ್ನನ್ನು ಉಲ್ಲೇಖಿಸಿ ವಿನಯದಿಂದ ಮರುಪತ್ರ ಬರೆಯಿರಿ.

ಹುಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರ ವಿಸ್ತಾರ ಕಡಿಮೆಯಾದಷ್ಟೂ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಸೇಂಟ್ ಆಗಸ್ಟಿನ್ ಹುಲ್ಲನ್ನು ಮೂರು ಇಂಚಿಗಿಂತ ಗಿಡ್ಡ ಕತ್ತರಿಸಬೇಡಿ. ನೀರನ್ನು ಬೆಳಗಿನ ಜಾವ ಬಿಡಿ; ಸಂಜೆ ಬಿಟ್ಟರೆ ರಾತ್ರಿಯಿಡೀ ಒದ್ದೆಯಾಗಿದ್ದು ಶರತ್ಕಾಲದಲ್ಲಿ ವೃತ್ತಾಕಾರದ ಕಂದು ಮಚ್ಚೆಯ ರೋಗ ಹರಡುತ್ತದೆ. ಜಿಗುಟು ಮಣ್ಣು ನೀರನ್ನು ನಿಧಾನವಾಗಿ ಹೀರುವುದರಿಂದ ಇಪ್ಪತ್ತು ನಿಮಿಷ ಒಂದೇ ಸಮನೆ ಬಿಟ್ಟರೆ ಅರ್ಧ ನೀರು ಚರಂಡಿಗೆ ಹರಿಯುತ್ತದೆ. ಆರೇಳು ನಿಮಿಷ ಬಿಟ್ಟು, ಗಂಟೆಯ ಮೇಲೆ ಮತ್ತೆ ಬಿಡುವಂತೆ ಸ್ಪ್ರಿಂಕ್ಲರ್ ಯಂತ್ರವನ್ನು ಹೊಂದಿಸಬೇಕು. ಜುಲೈ, ಆಗಸ್ಟ್‌ನಲ್ಲಿ ಕಾಲುದಾರಿಯ ಅಂಚಿನ ಬಿಸಿಲು ಜಾಗದಲ್ಲಿ ಹುಲ್ಲು ಒಣಗಿದಂತೆ ಕಂಡು, ನೀರು ಕೊಟ್ಟರೂ ಚೇತರಿಸದಿದ್ದರೆ ಅದು ಬಹುಮಟ್ಟಿಗೆ ಹುಲ್ಲಿನ ರಸ ಹೀರುವ ಚಿಂಚ್ ಹುಳುವಿನ ಕಾಟ. ಕಳೆನಾಶಕವನ್ನು ಬೆರೆಸಿದ ಗೊಬ್ಬರವನ್ನು ಓಕ್ ಮರದ ಕೆಳಗೆ ಎರಚಬೇಡಿ. ಹುಲ್ಲಿನ ಕಳೆಗೆಂದು ಹಾಕಿದ ವಿಷ ಮರದ ಬೇರಿಗೂ ಮುಟ್ಟುತ್ತದೆ.

ಮರಗಳಲ್ಲಿ ಲೈವ್ ಓಕ್ ಈ ಮಣ್ಣಿಗೂ ಗಾಳಿಗೂ ಒಗ್ಗಿದ್ದು. ಆದರೆ ಅದನ್ನು ಮನೆಯಿಂದ ಇಪ್ಪತ್ತು ಅಡಿಗೂ ಹೆಚ್ಚು ದೂರ ನೆಡಬೇಕು, ಇಲ್ಲವಾದರೆ ಒಣಗಾಲದಲ್ಲಿ ಅದರ ಬೇರುಗಳು ಸ್ಲ್ಯಾಬಿನ ಅಡಿಯ ತೇವವನ್ನೇ ಎಳೆದುಕೊಳ್ಳುತ್ತವೆ. ನೀರು ನಿಲ್ಲುವ ಹಿತ್ತಲಿಗೆ ಬಾಲ್ಡ್ ಸೈಪ್ರೆಸ್ ಸೂಕ್ತ. ಜಾಗ ಕಡಿಮೆ ಇದ್ದರೆ ಯಾಪನ್ ಹಾಲಿ, ಅಥವಾ ನಮ್ಮ ಹೊಳೆದಾಸವಾಳದ ಹತ್ತಿರದ ಬಂಧುವಾದ ಕ್ರೇಪ್ ಮರ್ಟಲ್ ನೆಡಬಹುದು. ಫೆಬ್ರವರಿಯಲ್ಲಿ ನೆರೆಹೊರೆಯವರೆಲ್ಲ ಅದರ ಕೊಂಬೆಗಳನ್ನು ಮೊಂಡಾಗಿ ಕಡಿಸುವುದನ್ನು ನೋಡಿ ನೀವೂ ಕಡಿಸಬೇಕಾಗಿಲ್ಲ. ಬೇಸಿಗೆಯ ತುಂಬ ಹೂಬಿಡಲು ಅದಕ್ಕೆ ಆ ಶಿಕ್ಷೆ ಬೇಕಿಲ್ಲ. ಪೊದೆಗಳಲ್ಲಿ ದಾಸವಾಳದ ಕುಟುಂಬದ ಟರ್ಕ್ಸ್ ಕ್ಯಾಪ್ ನೆರಳಿನಲ್ಲೂ ಕೆಂಪು ಹೂ ಬಿಡುತ್ತದೆ, ಬಿಸಿಲಿಗೆ ಗಲ್ಫ್ ಮ್ಯೂಲಿ ಹುಲ್ಲು ಚೆನ್ನ. ಚೈನೀಸ್ ಟ್ಯಾಲೋ ತಾನಾಗಿ ಹುಟ್ಟಿದ್ದರೂ ಕಿತ್ತುಹಾಕಿ. ಅದು ಇಲ್ಲಿನ ಹುಲ್ಲುಗಾವಲುಗಳನ್ನೇ ನುಂಗಿದ ಹೊರಗಿನ ಮರ. ಮರ ನೆಡುವ ಕಾಲ ಅಕ್ಟೋಬರಿನಿಂದ ಫೆಬ್ರವರಿಯವರೆಗೆ, ಅಂಗಡಿಗಳಲ್ಲಿ ಗಿಡಗಳು ತುಂಬಿ ತುಳುಕುವ ಏಪ್ರಿಲ್ ಅಲ್ಲ.

ಇನ್ನು ನಮ್ಮ ಗಿಡಗಳು. ಸೆಕೆಯನ್ನು ನೋಡಿ ಮಂಗಳೂರಿನ ಹವೆಯೇ ಎಂದುಕೊಂಡವರಿಗೆ 2021ರ ಫೆಬ್ರವರಿ ಪಾಠ ಕಲಿಸಿತು: ಆ ತಿಂಗಳ 16ರಂದು ಇಲ್ಲಿನ ವಿಮಾನ ನಿಲ್ದಾಣದಲ್ಲಿ ಉಷ್ಣತೆ 13 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸೊನ್ನೆಗಿಂತ ಸುಮಾರು ಹತ್ತೂವರೆ ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ, ಇಳಿಯಿತು. ಆದ್ದರಿಂದ ಮಾವು, ಕರಿಬೇವು, ತುಳಸಿ, ಮಲ್ಲಿಗೆ, ಕನಕಾಂಬರಗಳನ್ನು ಚಕ್ರವಿರುವ ದೊಡ್ಡ ಕುಂಡಗಳಲ್ಲಿ ಬೆಳೆಸಿ, ಹಿಮದ ಮುನ್ಸೂಚನೆ ಬಂದಾಗ ಗ್ಯಾರೇಜಿಗೆ ಸರಿಸುವುದು ಜಾಣತನ. ನುಗ್ಗೆ ಮತ್ತು ಬಾಳೆಯನ್ನು ನೆಲದಲ್ಲಿ ಹಾಕಬಹುದು. ಮೇಲಿನ ಭಾಗ ಸತ್ತರೂ ಬುಡಕ್ಕೆ ದಪ್ಪ ಮಲ್ಚ್ ಇದ್ದರೆ ಸಾಮಾನ್ಯವಾಗಿ ವಸಂತದಲ್ಲಿ ಮತ್ತೆ ಚಿಗುರುತ್ತವೆ. ಕುಂಡಗಳ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಟ್ಟರೆ ಸೊಳ್ಳೆಗಳ ಸಂಸಾರ ಬೆಳೆಯುವುದು ಖಚಿತ.

ಕರಿಬೇವಿನ ವಿಷಯದಲ್ಲಿ ಕಾನೂನಿನ ತೊಡಕೂ ಇದೆ. ಕಿತ್ತಳೆ, ನಿಂಬೆಯ ಮರಗಳನ್ನು ಕೊಲ್ಲುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಹೀಗಾಗಿ ಊರಿನಿಂದ ಕರಿಬೇವಿನ ಸಸಿಯನ್ನಾಗಲಿ, ಬೀಜವನ್ನಾಗಲಿ, ಹಸಿ ಎಲೆಯನ್ನಾಗಲಿ ಪೆಟ್ಟಿಗೆಯಲ್ಲಿ ತರಬಾರದು. ಹ್ಯೂಸ್ಟನ್ ಸುತ್ತಲಿನ ಹ್ಯಾರಿಸ್, ಫೋರ್ಟ್ ಬೆಂಡ್ ಕೌಂಟಿಗಳು (ಜಿಲ್ಲೆಗಳು) ಈ ರೋಗದ ನಿರ್ಬಂಧಿತ ವಲಯದಲ್ಲಿರುವುದರಿಂದ, ಡಲ್ಲಾಸ್ ಅಥವಾ ಆಸ್ಟಿನ್‌ನಲ್ಲಿರುವ ಸ್ನೇಹಿತರಿಗೆ ನಿಮ್ಮ ಹಿತ್ತಲಿನ ಮರಿಯನ್ನು ಕಾರಿನಲ್ಲಿ ಒಯ್ದು ಕೊಡುವುದೂ ಸಲ್ಲದು. ಸ್ಥಳೀಯ ನರ್ಸರಿಯಲ್ಲಿ ಪರವಾನಗಿಯ ಚೀಟಿ ಇರುವ ಸಸಿಯನ್ನೇ ಕೊಳ್ಳಿ.

ತರಕಾರಿಗೆ ಒಂದಡಿ ಎತ್ತರದ ಏರುಮಡಿ ಸಾಕು. ಟೊಮ್ಯಾಟೊವನ್ನು ಮಾರ್ಚ್ ಮೊದಲ ವಾರಗಳಲ್ಲೇ ನೆಡಬೇಕು, ಏಕೆಂದರೆ ರಾತ್ರಿಯೂ ಸೆಕೆ ಇಳಿಯದ ಜೂನ್ ಬಂದ ಮೇಲೆ ಹೂ ಉದುರಿ ಕಾಯಿ ಕಚ್ಚುವುದಿಲ್ಲ. ಆಗ ಜಾಗವನ್ನು ಬೆಂಡೆ, ಹೀರೆ, ಅಲಸಂದೆ, ಬಸಳೆಗಳಿಗೆ ಬಿಟ್ಟುಕೊಡಿ. ಕೊತ್ತಂಬರಿ, ಮೆಂತ್ಯ, ಮೂಲಂಗಿಗಳನ್ನು ಬೇಸಿಗೆಯಲ್ಲಿ ಬಿತ್ತಿ ನಿರಾಶರಾಗುವ ಬದಲು ದೀಪಾವಳಿಯ ಹೊತ್ತಿಗೆ ಬಿತ್ತಿದರೆ ಸಂಕ್ರಾಂತಿಗೆ ಮನೆಯ ಸೊಪ್ಪೇ ಸಿಗುತ್ತದೆ.