ಟರ್ಮ್ ನಡುವೆ ಮಗುವನ್ನು ಊರಿಗೆ ಕರೆದೊಯ್ಯುವ ಮೊದಲು: ಇಂಗ್ಲೆಂಡಿನ ಕನ್ನಡಿಗ ಪೋಷಕರಿಗೆ

ಟಿಕೆಟ್ ಬುಕ್ ಮಾಡುವ ಮೊದಲು ಮಗುವಿನ ಹುಟ್ಟಿದ ದಿನ ನೋಡಿ. ಇಂಗ್ಲೆಂಡಿನಲ್ಲಿ ನಾಲ್ಕು ವರ್ಷಕ್ಕೇ ರಿಸೆಪ್ಷನ್ (ಶಾಲೆಯ ಮೊದಲ ತರಗತಿ) ಸೇರಿಸಿದರೂ ಹಾಜರಾತಿ ಕಡ್ಡಾಯವಾಗುವುದು ಐದು ತುಂಬಿದ ಮುಂದಿನ ಟರ್ಮ್‌ನಿಂದ. ಅಕ್ಟೋಬರ್‌ನಲ್ಲಿ ಐದು ತುಂಬಿದರೆ ಜನವರಿಯಿಂದ. ಜೂನ್‌ನಲ್ಲಿ ತುಂಬಿದರೆ ಸೆಪ್ಟೆಂಬರ್‌ನಿಂದ. ಅಂಥ ಮಗುವಿಗೆ ರಿಸೆಪ್ಷನ್ ವರ್ಷವಿಡೀ ಗೈರುಹಾಜರಿಗೆ ದಂಡವಿಲ್ಲ. ಆದರೂ ಶಾಲೆಗೆ ತಿಳಿಸಿಯೇ ಹೊರಡಿ.

ಕಡ್ಡಾಯ ವಯಸ್ಸು ದಾಟಿದ್ದರೆ ಹೆಡ್‌ಟೀಚರ್ ಅನುಮತಿ ಬೇಕು. ಅಸಾಧಾರಣ ಕಾರಣವಿದ್ದರೆ ಮಾತ್ರ ರಜೆ ಎಂಬ ನಿಯಮ 2013ರಿಂದ ಇದೆ. ಟಿಕೆಟ್ ಅಗ್ಗ ಎನ್ನುವುದು ಕಾರಣವಾಗದು. ಹತ್ತಿರದವರ ಮದುವೆಯೋ ಅಜ್ಜಿಯ ಕಾಯಿಲೆಯೋ ಆದರೆ ಹಾಗೆಂದೇ ಬರೆಯಿರಿ: ಸಂಬಂಧವೇನು, ದಿನಾಂಕ ಬದಲಿಸಲು ಏಕೆ ಆಗದು, ಮಗು ಎಷ್ಟು ದಿನ ಬರುವುದಿಲ್ಲ. ಆಮಂತ್ರಣ ಪತ್ರಿಕೆ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಲಗತ್ತಿಸಿ. ಮೂರು ವಾರ ಕೇಳಿದವರಿಗಿಂತ ಮದುವೆಯ ಆಚೀಚೆ ಮೂರು ದಿನ ಕೇಳಿದವರಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ಶಿಕ್ಷಕರ ತರಬೇತಿಗೆಂದು ಮಕ್ಕಳಿಗೆ ಬಿಡುವು ಕೊಡುವ ಇನ್‌ಸೆಟ್ ದಿನಗಳನ್ನೂ ಟರ್ಮ್ ಮಧ್ಯದ ರಜೆಯಾದ ಹಾಫ್ ಟರ್ಮ್ ವಾರವನ್ನೂ ಮೊದಲು ಬಳಸಿಕೊಳ್ಳಿ.

ಅನುಮತಿ ಸಿಗದಿದ್ದರೆ ದಿನಗಳನ್ನಲ್ಲ, ಸೆಷನ್‌ಗಳನ್ನು ಎಣಿಸಿ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಹತ್ತು ಶಾಲಾ ವಾರಗಳೊಳಗೆ 10 ಸೆಷನ್ ಅನಧಿಕೃತ ಗೈರಾದರೆ ಶಾಲೆ ದಂಡದ ವಿಷಯವನ್ನು ಪರಿಶೀಲಿಸಲೇಬೇಕು. ಅನೇಕರು ಎಡವುವುದು ಇಲ್ಲೇ: ನಾಲ್ಕೇ ದಿನ, 8 ಸೆಷನ್ ಎಂದು ಧೈರ್ಯದಿಂದ ಹೋಗುತ್ತಾರೆ. ಆದರೆ ಹಾಜರಿ ಪುಸ್ತಕ ಮುಚ್ಚಿದ ಮೇಲೆ ಸಕಾರಣವಿಲ್ಲದೆ ತಡವಾಗಿ ಬಂದ ಎರಡು ಬೆಳಗ್ಗೆಗಳೂ ಸೇರಿ ಹತ್ತಾಗುತ್ತದೆ. ಈ ಎಣಿಕೆ ಒಂದು ಟರ್ಮ್‌ನಿಂದ ಇನ್ನೊಂದಕ್ಕೂ ಮುಂದುವರಿಯುತ್ತದೆ.

2024ರ ಆಗಸ್ಟ್‌ನಿಂದ ದಂಡ 160 ಪೌಂಡ್. 21 ದಿನದೊಳಗೆ ಕಟ್ಟಿದರೆ 80. ಇದು ಒಬ್ಬ ಪೋಷಕರಿಗೆ, ಒಂದು ಮಗುವಿಗೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳಾದರೆ ಕನಿಷ್ಠ 320 ಪೌಂಡ್. ಅದೇ ಮಗುವಿನ ವಿಷಯದಲ್ಲಿ ಮೂರು ವರ್ಷದೊಳಗೆ ಎರಡನೇ ಸಲವಾದರೆ ರಿಯಾಯಿತಿಯಿಲ್ಲದೆ 160. ಮೂರನೇ ಸಲ ದಂಡದ ನೋಟಿಸ್ ಬದಲು ಕೋರ್ಟಿಗೂ ಹೋಗಬಹುದು. ನೋಟಿಸ್ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ. ವೇಲ್ಸ್, ಸ್ಕಾಟ್‌ಲೆಂಡ್‌ಗಳ ನಿಯಮ ಬೇರೆ.

ಜ್ವರವೆಂದು ಸುಳ್ಳು ಹೇಳಬೇಡಿ. ಆರು ವರ್ಷದ ಮಗು ಅಜ್ಜಿ ಮನೆಯ ಸಂಭ್ರಮವನ್ನು ಟೀಚರ್‌ಗೆ ಹೇಳದೆ ಇರುವುದಿಲ್ಲ, ಮುಚ್ಚಿಡು ಎಂದು ಅದಕ್ಕೆ ಕಲಿಸುವುದೂ ಸರಿಯಲ್ಲ. ಗೊತ್ತಾದರೆ ಆ ದಿನಗಳೂ ಅನಧಿಕೃತವಾಗುತ್ತವೆ, ಮುಂದಿನ ಸಲ ನಿಜವಾದ ಕಾರಣವನ್ನೂ ಶಾಲೆ ಅನುಮಾನದಿಂದ ನೋಡುತ್ತದೆ.

ಪ್ರಯಾಣ ಉದ್ದವಾದರೆ ಇನ್ನೊಂದು ಅಪಾಯವಿದೆ. ಅನುಮತಿಯಿಲ್ಲದೆ ಸತತ 20 ಶಾಲಾ ದಿನ ಬಾರದೆ, ವಿಚಾರಿಸಿದರೂ ಮಗು ಎಲ್ಲಿದೆಯೆಂದು ತಿಳಿಯದಿದ್ದರೆ ಶಾಲೆ ಹೆಸರು ತೆಗೆಯಬಹುದು. ಬೇಡಿಕೆಯಿರುವ ಶಾಲೆಯಲ್ಲಿ ಆ ಸೀಟು ಮತ್ತೆ ಸಿಗುವುದು ಕಷ್ಟ. ಮರಳುವ ದಿನಾಂಕ, ಊರಿನ ವಿಳಾಸ, ಅಲ್ಲಿ ಸಿಗುವ ಫೋನ್ ನಂಬರನ್ನು ಹೊರಡುವ ಮೊದಲೇ ಶಾಲೆಯ ಕಚೇರಿಗೆ ಇಮೇಲ್ ಮಾಡಿ. ವಿಮಾನ ತಪ್ಪಿದರೆ ಅಥವಾ ಮಗುವಿಗೆ ಹುಷಾರು ತಪ್ಪಿದರೆ ಅಂದೇ ತಿಳಿಸಿ, ವೈದ್ಯರ ಚೀಟಿ ಇಟ್ಟುಕೊಳ್ಳಿ.